ಎಂಟನೇ ನಡೆಯ ಕುದುರೆ

ಇವತ್ತು ಸಂಜೆ ಕುವೆಂಪುನಗರದ ಮನೇಲಿ ಅಕ್ಕನ ಮಗನಿಗೆ ಆ ಹಳೇ ಚೆಸ್ ಆಟ ತೋರಿಸ್ತಿದ್ದೆ. 1997, ಮೇ 11. ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ ಮತ್ತು ವಿಶ್ವ ಚಾಂಪಿಯನ್ ಕಾಸ್ಪರೋವ್, ಪಂದ್ಯದ ಆರನೇ, ಕೊನೇ ಆಟ. ಕಾರೋ-ಕಾನ್ ಅನ್ನೋ ಓಪನಿಂಗ್, ಅಂದ್ರೆ ಆಟ ಶುರು ಮಾಡೋ ಒಂದು ಗೊತ್ತಾದ ಕ್ರಮ.

ಏಳನೇ ನಡೆಗೆ ಕಾಸ್ಪರೋವ್ ಅಂಚಿನ ಕಾಲಾಳನ್ನ ಒಂದು ಮನೆ ತಳ್ಳಿ ಡೀಪ್ ಬ್ಲೂನ ಬಿಳಿ ಕುದುರೆಯನ್ನ ಕೆಣಕ್ತಾರೆ. ಒಂಟೆಯನ್ನ ಮೊದಲು ಹೊರಗೆ ತರೋದು ಅಲ್ಲಿ ಮಾಮೂಲು. ಕುದುರೆ ಹಿಂದೆ ಸರಿಯಲ್ಲ. ಇ6 ಮನೇಲಿರೋ ಕಾಲಾಳನ್ನ ಹೊಡೆದು, ತಾನೂ ಸಾಯೋಕೆ ಸಿದ್ಧವಾಗಿ ಅಲ್ಲೇ ನಿಲ್ಲುತ್ತೆ.

"ಮಾಮ, ಕಂಪ್ಯೂಟರ್ ಇದಕ್ಕೆ ಎಷ್ಟು ಲೆಕ್ಕ ಹಾಕ್ತು?"

ಲೆಕ್ಕಾನೇ ಹಾಕ್ಲಿಲ್ಲ ಕಣೋ. ಅದರ ಓಪನಿಂಗ್ ಬುಕ್‌ನಲ್ಲೇ, ಅಂದ್ರೆ ಶುರುವಿನ ನಡೆಗಳನ್ನ ಮೊದಲೇ ತುಂಬಿಸಿಟ್ಟ ಪಟ್ಟೀಲೇ, ಇತ್ತು!

ಜೋಯೆಲ್ ಬೆಂಜಮಿನ್ ಮತ್ತೆ ಇನ್ನೂ ಕೆಲವು ಗ್ರ್ಯಾಂಡ್‌ಮಾಸ್ಟರ್‌ಗಳು ಕೂತು ತುಂಬಿಸಿದ ಬುಕ್ ಅದು. 19 ನಡೆಗೆ ಕಾಸ್ಪರೋವ್ ಕೈಚೆಲ್ಲಿದ್ರು. ಪಂದ್ಯ ಮೂರೂವರೆ-ಎರಡೂವರೆ.

ಯಂತ್ರ ಮನುಷ್ಯನನ್ನ ಸೋಲಿಸ್ತು ಅಂತ ಎಲ್ಲರೂ ಹೇಳ್ತಾರೆ. ನನ್ನ ಮನಸ್ಸು ಮಾತ್ರ ಆ ಬುಕ್ ಕಟ್ಟಿದವರ ಹತ್ರಾನೇ ಹೋಗುತ್ತೆ. ಎದುರಿಗೆ ಕೂರೋನು ಯಾವ ದಾರಿ ಹಿಡೀಬಹುದು, ನಮ್ಮ ಯಂತ್ರಕ್ಕೆ ಎಂಥ ಆಟ ಒಗ್ಗುತ್ತೆ, ಎಲ್ಲಿವರೆಗೂ ಕೈ ಹಿಡಿದು ನಡೆಸಿ ಎಲ್ಲಿ ಬಿಡಬೇಕು. ಅಷ್ಟನ್ನೂ ಅಳೆದು ತೂಗಿದವರು ಅವರು. ಆ ಕುದುರೆ ಬಲಿ ಕೊಡೋ ಧೈರ್ಯ ಅವರದ್ದೇ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.