ಮಾವನ ರಿಪೇರಿ ಅಂಗಡಿ ಗೂಗಲ್ ಮ್ಯಾಪ್‌ನಲ್ಲಿ: ಫೆಬ್ರವರಿಯಿಂದ ಮೇವರೆಗೆ ಮಾಡಿದ್ದು

ನಮ್ಮ ಮಾವ ಬಳ್ಳಾರಿಯಲ್ಲಿ ಎಸಿ, ಕೂಲರ್, ಫ್ರಿಜ್, ವಾಷಿಂಗ್ ಮಷಿನ್ ರಿಪೇರಿ ಮಾಡುತ್ತಾರೆ. ಹಳೆ ಗಿರಾಕಿಗಳ ಫೋನಿನಲ್ಲಿ ಅವರ ನಂಬರ್ ಇದೆ. ಆದರೆ ತೋರಣಗಲ್ಲಿನ ಕಾರ್ಖಾನೆಗೆ ಕೆಲಸಕ್ಕೆ ಬಂದು ಹೊಸದಾಗಿ ಮನೆ ಮಾಡಿದವರು ಯಾರನ್ನು ಕೇಳಬೇಕು? ಅವರು ಫೋನಲ್ಲೇ ಹುಡುಕುತ್ತಾರೆ. ಅಲ್ಲಿ ಮಾವನ ಅಂಗಡಿ ಕಾಣುತ್ತಿರಲಿಲ್ಲ. ಇಷ್ಟು ಒಳ್ಳೆ ಕೆಲಸಗಾರ ಕಾಣದೇ ಇರೋದು ನನಗೆ ಸಹಿಸಲಾಗಲಿಲ್ಲ. ಬೇಸಿಗೆ ಶುರುವಾಗುವ ಮುಂಚೆ ಕೈ ಹಾಕಿದೆ.

ಫೆಬ್ರವರಿ

ಮೊದಲು ಸಿಕ್ಕಿದ್ದು ಮ್ಯಾಪ್ ಮೇಲೆ ಅಂಗಡಿ ಜಾಗ ತೋರಿಸುವ ಒಂದು ಹಳೆ ಗುರುತು, ಅಂದರೆ ಪಿನ್. ಅಂಗಡಿ ಕೌಲ್ ಬಜಾರ್‌ನಲ್ಲಿದ್ದಾಗ ಯಾರೋ ಗಿರಾಕಿ ಮ್ಯಾಪ್‌ಗೆ ಸೇರಿಸಿದ್ದು. ಅಂಗಡಿ ಗಾಂಧಿನಗರದ ಕಡೆಗೆ ಬಂದು ವರ್ಷಗಳಾದವು, ಪಿನ್ ಮಾತ್ರ ಅಲ್ಲೇ. ನಂಬರ್ ಕೂಡ ಬಂದ್ ಆದ ಸಿಮ್‌ದು. ಮ್ಯಾಪ್‌ನಲ್ಲಿ ಅಂಗಡಿಯ ಹೆಸರು, ವಿಳಾಸ, ನಂಬರ್ ತೋರಿಸುವ ಪುಟಕ್ಕೆ ಪ್ರೊಫೈಲ್ ಅಂತಾರೆ. ಹೊಸದು ತೆರೆಯದೆ ಹಳೆಯದನ್ನೇ ನಮ್ಮದು ಅಂತ ಕ್ಲೇಮ್ ಮಾಡಿದೆ. ಒಂದೇ ಅಂಗಡಿಗೆ ಎರಡು ಪ್ರೊಫೈಲ್ ಇದ್ದರೆ ರಿವ್ಯೂ ಹಂಚಿಹೋಗುತ್ತವೆ, ಜನರಿಗೂ ಗೊಂದಲ.

ವೆರಿಫಿಕೇಶನ್‌ಗೆ ವಿಡಿಯೋ ಕೇಳಿದರು. ಮಧ್ಯೆ ನಿಲ್ಲಿಸದೆ ಒಂದೇ ಉಸಿರಿಗೆ ತೆಗೆಯಬೇಕು. ರಸ್ತೆಯಿಂದ ಶುರು ಮಾಡಿ ಅಕ್ಕಪಕ್ಕದ ಅಂಗಡಿ, ನಮ್ಮ ಬೋರ್ಡು, ಮಾವ ಬೀಗ ತೆಗೆದು ಶಟರ್ ಎತ್ತೋದು, ಒಳಗೆ ಗೇಜ್ ಸೆಟ್, ವ್ಯಾಕ್ಯೂಮ್ ಪಂಪ್, ಗ್ಯಾಸ್ ಸಿಲಿಂಡರ್, ಬಿಚ್ಚಿಟ್ಟ ಕೂಲರ್ ಮೋಟಾರ್. ಅಂಗಡಿ ನಿಜವಾಗಿ ಇದೆ, ನಡೆಸುವವರು ಇವರೇ ಅಂತ ಅದರಲ್ಲಿ ಗೊತ್ತಾಗಬೇಕು.

ಹೆಸರಿನ ವಿಷಯದಲ್ಲಿ ಮನೆಯಲ್ಲಿ ಸ್ವಲ್ಪ ಚರ್ಚೆ ಆಯಿತು. ‘ಬಳ್ಳಾರಿ ಬೆಸ್ಟ್ ಎಸಿ ರಿಪೇರಿ’ ಅಂತ ಹಿಂದೆಮುಂದೆ ಸೇರಿಸಿದರೆ ಬೇಗ ಕಾಣುತ್ತೆ ಅಂತ ಅಣ್ಣನ ವಾದ. ಹಾಗೆ ಮಾಡುವವರು ಬೇಕಾದಷ್ಟಿದ್ದಾರೆ. ಆದರೆ ಬೋರ್ಡಿನ ಮೇಲಿರುವ ಹೆಸರೇ ಇರಬೇಕು ಅನ್ನೋದು ಗೂಗಲ್‌ನ ನಿಯಮ. ಯಾರಾದರೂ ದೂರು ಕೊಟ್ಟರೆ ಪ್ರೊಫೈಲೇ ಸಸ್ಪೆಂಡ್ ಆಗಬಹುದು. ಏಪ್ರಿಲ್‌ನಲ್ಲಿ ಹಾಗಾದರೆ ಏನು ಗತಿ? ಬೋರ್ಡಿನ ಹೆಸರನ್ನೇ ಇಟ್ಟೆವು.

ಕೆಟಗರಿಗೆ, ಅಂದರೆ ಅಂಗಡಿ ಯಾವ ಬಗೆಯದು ಅಂತ ಆರಿಸೋದಕ್ಕೆ, ಮಾತ್ರ ಜಾಸ್ತಿ ಸಮಯ ಕೊಟ್ಟೆ. ಮುಖ್ಯ ಕೆಟಗರಿ ಒಂದು, ಜೊತೆಗೆ 9 ಹಾಕಬಹುದು. ಎಲ್ಲ ತುಂಬಬೇಕೆಂದೇನಿಲ್ಲ. ಬೇಸಿಗೆಗೆ ಎಸಿ ರಿಪೇರಿ ಮುಖ್ಯ, ಫ್ರಿಜ್ ಮತ್ತು ವಾಷಿಂಗ್ ಮಷಿನ್ ಆಮೇಲೆ. ಟಿವಿ ರಿಪೇರಿ ಹಾಕಲಿಲ್ಲ, ಮಾವ ಅದನ್ನು ಮಾಡಲ್ಲ.

ಮಾರ್ಚ್

ಸರ್ವಿಸ್ ಏರಿಯಾ, ಅಂದರೆ ಮಾವ ಮನೆಗೆ ಹೋಗಿ ರಿಪೇರಿ ಮಾಡುವ ಜಾಗಗಳನ್ನು ಗೊತ್ತು ಮಾಡಿದೆವು. 20 ಜಾಗದವರೆಗೆ ಹಾಕಬಹುದು. ಅಂಗಡಿಯಿಂದ ಸುಮಾರು 2 ತಾಸಿನ ದಾರಿ ಮೀರಬಾರದು ಅಂತಾರೆ. ಆ ಲೆಕ್ಕದಲ್ಲಿ ಹೊಸಪೇಟೆಯೂ ಸೇರುತ್ತೆ. ಆದರೆ ಮಾವ ಅಷ್ಟು ದೂರ ಹೋಗಲ್ಲ. ‘ಬರಲ್ಲ ಅನ್ನೋಕೆ ಫೋನ್ ಎತ್ತಬೇಕಾ?’ ಅಂದರು. ಊರಿನ ಬಡಾವಣೆಗಳು, ಸಂಗನಕಲ್ಲು, ಕುಡತಿನಿ, ತೋರಣಗಲ್ಲು ಇಷ್ಟೇ ಇಟ್ಟೆ. ಏರಿಯಾ ಪಟ್ಟಿ ಉದ್ದ ಮಾಡಿದರೆ ಅಲ್ಲೆಲ್ಲ ಮೇಲೆ ಬರ್ತೀವಿ ಅನ್ನೋದು ಸುಳ್ಳು. ಹುಡುಕಿದ ಮಾತಿಗೆ ಅಂಗಡಿ ಎಷ್ಟು ಹೊಂದುತ್ತೆ, ಹುಡುಕುವವರಿಂದ ಎಷ್ಟು ದೂರ ಇದೆ, ಎಷ್ಟು ಹೆಸರು ಮಾಡಿದೆ, ಗೂಗಲ್ ಹೇಳೋದು ಈ ಮೂರನ್ನೇ. ದೂರ ನಮ್ಮ ಕೈಲಿಲ್ಲ. ಉಳಿದೆರಡರ ಮೇಲೆ ಕೆಲಸ ಮಾಡಬಹುದು.

ಇದೇ ಹೊತ್ತಿಗೆ ಒಬ್ಬ ಏಜೆಂಟ್ ಫೋನ್ ಮಾಡಿ, ತಿಂಗಳಿಗೆ ಇಷ್ಟು ಕೊಡಿ, ಮೊದಲ ಸ್ಥಾನ ಗ್ಯಾರಂಟಿ ಅಂದ. ಜಾಹೀರಾತಿಗೆ ದುಡ್ಡು ಕೊಡಬಹುದು, ಅದು ಬೇರೆ. ಮ್ಯಾಪ್‌ನ ಮಾಮೂಲಿ ಪಟ್ಟಿಯಲ್ಲಿ ದುಡ್ಡು ಕೊಟ್ಟು ಮೇಲೆ ಹೋಗಲು ದಾರಿಯೇ ಇಲ್ಲ. ಸಣ್ಣ ಅಂಗಡಿಯವರು ಇಂಥ ಮಾತಿಗೆ ದುಡ್ಡು ಕಳೆದುಕೊಳ್ಳೋದು ನೋಡಿದರೆ ಸಿಟ್ಟು ಬರುತ್ತೆ.

ಅಂಗಡಿ ವೇಳೆಯನ್ನೂ ಸರಿ ಮಾಡಿದೆ. ಕನಕದುರ್ಗಮ್ಮನ ಸಿಡಿಬಂಡಿ ಉತ್ಸವ, ಯುಗಾದಿ, ರಂಜಾನ್ ಬಂದಾಗ ರಜೆ, ಅರ್ಧ ದಿನ ಮುಂಚೆಯೇ ಹಾಕಬೇಕು. ತೆರೆದಿದೆ ಅಂತ ತೋರಿಸಿ ಯಾರೋ ಬಿಸಿಲಲ್ಲಿ ಕೂಲರ್ ಮೋಟಾರ್ ಹಿಡಿದು ಬಂದು ಶಟರ್ ನೋಡಿ ಹೋಗೋದು ಬೇಡ.

ಏಪ್ರಿಲ್

ಬಿಸಿಲು 40 ಡಿಗ್ರಿ ದಾಟಿತು. ಮಾವನಿಗೆ ಊಟಕ್ಕೂ ಬಿಡುವಿಲ್ಲ. ಫೋಟೋ ತೆಗೆಯೋ ಕೆಲಸವನ್ನು ಹೆಲ್ಪರ್ ಹುಡುಗನಿಗೆ ಒಪ್ಪಿಸಿದೆ. ನೆಟ್‌ನಿಂದ ಇಳಿಸಿದ ಥಳಥಳ ಫೋಟೋ ಒಂದೂ ಬೇಡ ಅಂದೆ. ಅವನು ಕಳಿಸಿದ್ದರಲ್ಲಿ ಒಂದು ನನಗೆ ತುಂಬಾ ಇಷ್ಟ. ತೋರಣಗಲ್ಲಿನ ಒಂದು ಮನೆಯ ಔಟ್‌ಡೋರ್ ಯೂನಿಟ್. ಹಿಂದಿನ ರೆಕ್ಕೆಗಳ ಸಂದಿಗೆಲ್ಲ ಕೆಂಪು ಧೂಳು ಹೆಪ್ಪುಗಟ್ಟಿದೆ. ಅರ್ಧ ಭಾಗಕ್ಕೆ ನೀರು ಹೊಡೆದಿದ್ದಾರೆ, ಅಲ್ಲಿ ಅಲ್ಯೂಮಿನಿಯಂ ಬೆಳ್ಳಗೆ ಕಾಣುತ್ತೆ. ಇನ್ನರ್ಧ ಇಟ್ಟಿಗೆ ಬಣ್ಣ. ಗಾಳಿ ಆಡದಿದ್ದರೆ ಬಿಸಿ ಹೊರಗೆ ಹೋಗಲ್ಲ, ಕಂಪ್ರೆಸರ್ ಕಾದು ಟ್ರಿಪ್ ಆಗುತ್ತೆ. ಜನ ಗ್ಯಾಸ್ ಖಾಲಿ ಅಂದ್ಕೊಳ್ತಾರೆ. ಆ ಫೋಟೋ ಜೊತೆ ಇದನ್ನೇ ನಾಲ್ಕು ಸಾಲು ಬರೆದು ಹಾಕಿದೆ. ಆಮೇಲೆ ಫೋನ್ ಮಾಡಿದ ಕೆಲವರು ‘ಆ ಧೂಳಿನ ಫೋಟೋ ನೋಡಿದ್ವಿ, ನಮ್ದೂ ಹಂಗೇ ಇರ್ಬೇಕು’ ಅಂದರಂತೆ.

ರಿವ್ಯೂ ಕೇಳೋದು ಮಾವನಿಗೆ ಮುಜುಗರ. ಕೆಲಸ ಮುಗಿದ ಸಂಜೆ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸೋದು ನನ್ನ ಪಾಲಿಗೆ ಬಂತು. ರಿವ್ಯೂ ಬರೆದರೆ 50 ರೂಪಾಯಿ ಬಿಡ್ತೀನಿ ಅಂದರು ಮಾವ. ಅದು ಕೂಡದು, ರಿವ್ಯೂಗೆ ಪ್ರತಿಯಾಗಿ ಏನೂ ಕೊಡಬಾರದು ಅಂತ ನಿಯಮ ಇದೆ. ಖುಷಿಯಾದವರಿಗೆ ಮಾತ್ರ ಕಳಿಸೋದೂ ತಪ್ಪು, ಎಲ್ಲರಿಗೂ ಕಳಿಸುತ್ತೇನೆ. ಕನ್ನಡ, ತೆಲುಗು, ಉರ್ದು, ಯಾವುದರಲ್ಲಿ ಬೇಕಾದರೂ ಬರೆಯಿರಿ ಅಂತ ಸೇರಿಸುತ್ತೇನೆ, ಬಳ್ಳಾರಿ ಅಲ್ವಾ! ಕಪ್ಪಗಲ್ಲು ರಸ್ತೆಯ ಟೀಚರ್ ಒಬ್ಬರು ತಮ್ಮ ಕೂಲರ್ ಪಂಪ್ ಸುಟ್ಟಿರಲಿಲ್ಲ, ಬೋರ್ ನೀರಿನ ಉಪ್ಪು ಕಟ್ಟಿತ್ತು, ಹೊಸದು ಹಾಕಿಸದೆ ತೊಳೆದು ಕೊಟ್ಟರು ಅಂತ ಬರೆದರು. ಸುಮ್ನೆ ‘ಸೂಪರ್ ಸರ್ವಿಸ್’ ಅನ್ನೋದಕ್ಕಿಂತ ಇದು ಎಷ್ಟೋ ಮೇಲು. ಓದುವವರಿಗೆ ನಂಬಿಕೆ ಬರುತ್ತೆ.

ಒಬ್ಬರು ತಡವಾಗಿ ಬಂದರು ಅಂತ 2 ಸ್ಟಾರ್ ಕೊಟ್ಟರು. ಅವತ್ತು ಕೆಲಸದ ಒತ್ತಡ ಎಷ್ಟಿತ್ತು, ಈಗ ಹೊತ್ತು ಹೇಗೆ ಕೊಡುತ್ತೇವೆ ಅಂತ ಎರಡು ಸಾಲಿನ ಉತ್ತರ ಬರೆದೆ, ವಾದ ಮಾಡಲಿಲ್ಲ.

ಮೇ

ಒಂದು ಪುಟದ ಸಣ್ಣ ವೆಬ್‌ಸೈಟ್ ಮಾಡಿದೆ. ಗೂಗಲ್ ಉಚಿತವಾಗಿ ಕೊಡುತ್ತಿದ್ದ ಪ್ರೊಫೈಲ್ ವೆಬ್‌ಸೈಟ್ 2024ರ ಮಾರ್ಚ್‌ನಲ್ಲೇ ನಿಂತಿದೆ. ಹೆಸರು, ವಿಳಾಸ, ನಂಬರ್ ಪ್ರೊಫೈಲ್‌ನಲ್ಲಿ ಇದ್ದ ಹಾಗೇ ಅಕ್ಷರ ಬಿಡದೆ ಹಾಕಿದೆ. 2014ರ ನವೆಂಬರ್‌ನಲ್ಲಿ ಊರಿನ ಹೆಸರು ಅಧಿಕೃತವಾಗಿ ಬಳ್ಳಾರಿ ಆದರೂ ಇಂಗ್ಲಿಷಿನಲ್ಲಿ ಟೈಪ್ ಮಾಡುವ ಎಷ್ಟೋ ಜನ ಇನ್ನೂ ಹಳೆ ಬೆಲ್ಲಾರಿಯನ್ನೇ ಹೊಡೆಯುತ್ತಾರೆ, ಜನ ಏನು ಹುಡುಕಿದಾಗ ನಮ್ಮ ಪುಟ ಬಂತು ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಕಾಣುತ್ತೆ. ಪುಟದಲ್ಲಿ ಎರಡೂ ಇವೆ. ಬಡಾವಣೆ ಹೆಸರು ಮಾತ್ರ ಬದಲಿಸಿ ಅದೇ ಪುಟವನ್ನು ಹತ್ತಾರು ಸಲ ಮಾಡೋ ಉಪಾಯವನ್ನು ಮುಟ್ಟಲಿಲ್ಲ, ಗೂಗಲ್ ಅದನ್ನು ಸ್ಪ್ಯಾಮ್ ಅನ್ನುತ್ತೆ. ತೋರಣಗಲ್ಲಿಗೆ ಮಾತ್ರ ಬೇರೆ ಪುಟ ಬರೆಯುತ್ತಿದ್ದೇನೆ, ಅಲ್ಲಿನ ಧೂಳಿನ ಬಗ್ಗೆ ಹೇಳೋದು ನಿಜಕ್ಕೂ ಇದೆ.

ಈಗ ಎಲ್ಲಿದ್ದೇವೆ? ಅಂಗಡಿಯ ಫೋನಲ್ಲೇ ಹುಡುಕಿದರೆ ಮೇಲೇ ಬರುತ್ತೆ, ಅದನ್ನು ನಂಬಬಾರದು, ನಿಂತ ಜಾಗಕ್ಕೆ ತಕ್ಕಂತೆ ಪಟ್ಟಿ ಬದಲಾಗುತ್ತೆ. ಹಾಗಾಗಿ ಬೇರೆ ಬೇರೆ ಕಡೆ ಇರುವ ಗೆಳತಿಯರಿಗೆ ಹುಡುಕಿ ಸ್ಕ್ರೀನ್‌ಶಾಟ್ ಕಳಿಸಲು ಹೇಳಿದೆ. ಗಾಂಧಿನಗರ, ಪಾರ್ವತಿ ನಗರದಲ್ಲಿ ಮೊದಲ ಮೂರರಲ್ಲಿ ಕಾಣುತ್ತಿದ್ದೇವೆ. ಕೌಲ್ ಬಜಾರ್‌ನಲ್ಲಿ ಕೆಳಗಿದ್ದೇವೆ. ತೋರಣಗಲ್ಲಿನಲ್ಲಿ ಅಂಗಡಿ ಹೆಸರು ಹಾಕಿದರೆ ಮಾತ್ರ ಸಿಗುತ್ತೇವೆ. ಹೊಸ ನಂಬರ್‌ಗಳಿಂದ ಫೋನ್ ಬರೋದು ಜಾಸ್ತಿಯಾಗಿದೆ. ಎಲ್ಲಿ ನೋಡಿ ಫೋನ್ ಮಾಡಿದಿರಿ ಅಂತ ಮಾವ ಕೇಳುತ್ತಾರೆ, ಮ್ಯಾಪ್ ನೋಡಿ ಅಂದರೆ ಬಿಲ್ ಪುಸ್ತಕದ ಮೂಲೆಯಲ್ಲಿ ‘ಮ್ಯಾಪ್’ ಅಂತ ಬರೆದಿಡುತ್ತಾರೆ.

ಮಳೆ ಬಿದ್ದರೆ ಎಸಿ ಕೆಲಸ ಇಳಿಯುತ್ತೆ. ಆಗ ಮುಖ್ಯ ಕೆಟಗರಿ ಬದಲಿಸಿ ವಾಷಿಂಗ್ ಮಷಿನ್ ಮುಂದೆ ತರೋಣವೇ ಅಂತ ಯೋಚಿಸುತ್ತಿದ್ದೇನೆ. ಅದಕ್ಕೆ ಬೇಕಾದ ಫೋಟೋಗಳನ್ನು ಹುಡುಗ ಈಗಲೇ ತೆಗೆಯಲು ಶುರು ಮಾಡಿದ್ದಾನೆ.