ನಿಶ್ಚಿತಾರ್ಥಕ್ಕೆ ಮುಂಚೆ ಆಡಿಬಿಡಬೇಕಾದ ಮಾತು

23 ನವೆಂಬರ್ 2025, ಭಾನುವಾರ
ಡೊಂಬಿವಲಿ

ತುಳಸಿ ಪೂಜೆ ಮುಗಿದದ್ದೇ ತಡ, ಮುಂಬಯಿ ಕನ್ನಡಿಗರ ಮನೆಗಳಲ್ಲಿ ಮತ್ತೆ ಜಾತಕಗಳ ಓಡಾಟ. ಹುಡುಗಿ ಎಷ್ಟೇ ದುಡಿಯಲಿ, ಮಾತುಕತೆಗೆ ಕೂತಾಗ ಎರಡೂ ಕಡೆಯವರು 'ನಮ್ಮದೇನೂ ಅಪೇಕ್ಷೆ ಇಲ್ಲ' ಎಂದು ಕಾಫಿ ಕುಡಿದು ಏಳುತ್ತಾರೆ. ಅಪೇಕ್ಷೆ ಇದ್ದೇ ಇರುತ್ತದೆ. ಅದನ್ನು ರೂಪಾಯಿ ಲೆಕ್ಕದಲ್ಲೇ ಆಡಿಬಿಡುವುದು ಮೇಲು.

ಮೊದಲು ತವರಿಗೆ ಕೊಡುವ ಹಣ. ಅಪ್ಪನ ಔಷಧಿಗೆ ತಿಂಗಳಿಗೆ ಹದಿನೈದು ಸಾವಿರ ಹೋಗುತ್ತಿದ್ದರೆ ಮದುವೆಯ ನಂತರವೂ ಹೋಗುತ್ತದೆ ಎಂದು ಹುಡುಗನಿಗೆ ಹೇಳಬೇಕು. ಅವನ ತಾಯಿಗೆ ಅವನೇ ಹೇಳಲಿ. 'ನೋಡೋಣ ಬಿಡಿ' ಎಂದರೆ ಒಪ್ಪಿಗೆಯಲ್ಲ.

ಆಮೇಲೆ ಮನೆ. ಈ ಊರಲ್ಲಿ ಒಬ್ಬರ ಸಂಬಳಕ್ಕೆ ಸಿಗುವ ಸಾಲ ಸಾಲದು, ಹಾಗಾಗಿ ಹೋಂ ಲೋನ್ ಇಬ್ಬರ ಹೆಸರಲ್ಲಿ. ಎಡವುವುದು ಇಲ್ಲೇ: ಫ್ಲ್ಯಾಟ್ ಹುಡುಗನ ಅಥವಾ ಮಾವನ ಹೆಸರಲ್ಲಿ, ಸಾಲಕ್ಕೆ ಮಾತ್ರ ಹುಡುಗಿಯ ಸಹಿ. ಕಂತು ತಪ್ಪಿದರೆ ಬ್ಯಾಂಕು ಪೂರ್ತಿ ಬಾಕಿಯನ್ನು ಅವಳಿಂದಲೂ ಕೇಳಬಹುದು, ಸಾಲ ತೀರಿಸುವ ಶಿಸ್ತಿಗೆ ಕೊಡುವ ಅಂಕ, ಅಂದರೆ ಸಿಬಿಲ್ ಸ್ಕೋರ್, ಅವಳದೂ ಇಳಿಯುತ್ತದೆ. ಒಡೆತನ ಇಲ್ಲದ್ದರಿಂದ ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿಯೂ ಅವಳಿಗಿಲ್ಲ. ಖರೀದಿಯ ಅಗ್ರಿಮೆಂಟಿನಲ್ಲಿ ಅವಳ ಹೆಸರು, ಪಾಲು ಶೇಕಡ ಎಷ್ಟೆಂಬ ಉಲ್ಲೇಖ, ಮುಂದೆ ಹೌಸಿಂಗ್ ಸೊಸೈಟಿಯ ಷೇರ್ ಸರ್ಟಿಫಿಕೇಟಿನಲ್ಲೂ ಹೆಸರು. ಇಷ್ಟಕ್ಕೆ ಒಪ್ಪಿದರೆ ಸಹಿ, ಇಲ್ಲವಾದರೆ ಬಾಡಿಗೆ ಮನೆಯೇ ವಾಸಿ. ಮದುವೆಗೆ ಮುಂಚೆ ತಾನೇ ಕೊಳ್ಳುವುದಾದರೆ, ಮಹಾರಾಷ್ಟ್ರದಲ್ಲಿ 2021ರ ಏಪ್ರಿಲ್‌ನಿಂದ ಹೆಂಗಸರ ಹೆಸರಲ್ಲಷ್ಟೇ ನೋಂದಣಿಯಾಗುವ ವಾಸದ ಮನೆಗೆ ಸ್ಟ್ಯಾಂಪ್ ಡ್ಯೂಟಿ ಶೇ. 1 ಕಡಿಮೆ. 80 ಲಕ್ಷದ ಫ್ಲ್ಯಾಟಿಗೆ 80 ಸಾವಿರ ಉಳಿತಾಯ. ಗಂಡಸಿನ ಹೆಸರು ಸೇರಿದರೆ ಅದು ಹೋಯಿತು.

ಗೋವೆಯ ಮೂಲದ ಹುಡುಗನಾದರೆ ಲೆಕ್ಕವೇ ಬೇರೆ. ಅಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಇನ್ನೂ ನಡೆಯುತ್ತದೆ: ಬೇರೆ ಕರಾರು ಇಲ್ಲದಿದ್ದರೆ ಇಬ್ಬರ ಆಸ್ತಿಯೂ ಕೂಡಿ ಅರ್ಧರ್ಧ. ಬೇಡವೆನ್ನುವವರು ಮದುವೆಗೆ ಮುಂಚೆಯೇ ಕರಾರು ನೋಂದಾಯಿಸಬೇಕು, ಆಮೇಲೆ ಬದಲಿಸುವಂತಿಲ್ಲ.

ಚಿನ್ನದ ವಿಷಯ. ಮದುವೆಯ ಉಡುಗೊರೆಗಳ ಪಟ್ಟಿ ಇಡಬೇಕೆಂದು 1985ರ ನಿಯಮವೇ ಇದೆ: ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟಸ್ತಿಕೆ, ಸಹಿ. ಬರೆಯುವವರು ಅಪರೂಪ. ಬಿಲ್ಲು ಹುಡುಗಿಯ ಹೆಸರಲ್ಲಿರಲಿ, ಲಾಕರೂ ಅವಳದೇ ಇರಲಿ. ಅತ್ತೆಯ ಲಾಕರಿಗೆ ಹೋದ ಬಳೆಯನ್ನು ಮರಳಿ ಕೇಳುವುದು ಕಾನೂನಿಗೆ ಸುಲಭ, ಸೊಸೆಗೆ ಕಷ್ಟ.

ಅಡುಗೆ? 'ಹೆಲ್ಪ್ ಮಾಡ್ತೀನಿ' ಅನ್ನುವವನನ್ನು, ಮನೆಗೆಲಸದ ಬಾಯಿ ರಜೆ ಹಾಕಿದ ದಿನ ಪಾತ್ರೆ ಯಾರು ತೊಳೆಯುವುದು ಎಂದು ಕೇಳಿ ನೋಡಿ.

ಮದುವೆಯಾದ ಮೇಲೆ ಅಡ್ಡಹೆಸರು (ಸರ್‌ನೇಮ್) ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಬದಲಿಸಿದರೆ ಆಧಾರ್, ಪ್ಯಾನ್, ಬ್ಯಾಂಕ್, ಪಿಎಫ್ ಎಲ್ಲದರಲ್ಲೂ ಅಕ್ಷರಕ್ಕಕ್ಷರ ಹೊಂದಬೇಕು, ಇಲ್ಲವಾದರೆ ಪಿಎಫ್ ಕ್ಲೈಮ್ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು, ಶುಭಕಾರ್ಯದ ಮನೆಯಲ್ಲಿ ಯಾರೂ ಎತ್ತದ ಮಾತು. ಮದುವೆಯಾದ ಹಿಂದೂ ಹೆಂಗಸು ಉಯಿಲು ಬರೆಯದೆ ತೀರಿಕೊಂಡರೆ, 1956ರ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 15ರಂತೆ ಅವಳು ದುಡಿದು ಗಳಿಸಿದ್ದು ಮೊದಲು ಗಂಡ, ಮಕ್ಕಳಿಗೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತವರ ಸರದಿ ಅದಾದ ಮೇಲೆ. ಎಫ್‌ಡಿಗೆ ಅಮ್ಮನನ್ನು ನಾಮಿನಿ ಮಾಡಿದ್ದರೆ ಸಾಕೆಂದುಕೊಳ್ಳುವವರೇ ಹೆಚ್ಚು. ನಾಮಿನಿ ಬ್ಯಾಂಕಿನಿಂದ ಹಣ ಪಡೆಯಬಲ್ಲಳು, ಅಷ್ಟರಿಂದಲೇ ಒಡತಿಯಾಗುವುದಿಲ್ಲ. ಉಯಿಲಿಗೆ ಬಿಳಿ ಹಾಳೆ ಸಾಕು, ಸ್ಟ್ಯಾಂಪ್ ಪೇಪರ್ ಬೇಡ, ನೋಂದಣಿ ಕಡ್ಡಾಯವಲ್ಲ. ಸಾಕ್ಷಿಗಳು ಇಬ್ಬರು ಬೇಕು, ಪಾಲು ಪಡೆಯುವವರು ಸಾಕ್ಷಿಯಾಗದಿದ್ದರೆ ಒಳ್ಳೆಯದು. ಹಿಂದೂಗಳ ಉಯಿಲು ಮದುವೆಯಿಂದ ರದ್ದಾಗುವುದಿಲ್ಲ, ಹಾಗಾಗಿ ಲಗ್ನಪತ್ರಿಕೆ ಅಚ್ಚಿಗೆ ಹೋದ ವಾರವೇ ಬರೆದಿಡಬಹುದು. ಪಿಎಫ್‌ನ ಇ-ನಾಮಿನೇಷನ್ ಮಾತ್ರ ಮದುವೆಯಾದ ಮೇಲೆ ಹೊಸದಾಗಿ ಮಾಡಬೇಕು.