ಗೋಡಿಗೆ ಮುಖಾ ಮಾಡಿದ ಸ್ಕ್ಯಾನರ್

ಶನಿವಾರ ರಾತ್ರಿ ಹಾವೇರಿಯಿಂದ ಮಾವನ ಫೋನ್ ಬಂತು. "ಅಳಿಯಾ, ನೀ ಹುಡುಗರಿಗೆ ಎಕನಾಮಿಕ್ಸ್ ಹೇಳ್ತಿಯಲ್ಲ, ನಾಳೆ ಬಂದು ನನ್ನ ಬ್ಯಾಂಕಿನ ಲೆಕ್ಕಾ ಒಂದೀಟು ನೋಡಿ ಹೋಗ್ಪಾ" ಅಂದ. ಏನಾತು ಮಾವಾ ಅಂದ್ರ "ಏನಿಲ್ಲ, ಬಾ" ಅಷ್ಟ. ನಮ್ಮ ಮಾವ ಏನಿಲ್ಲ ಅಂದಾಗೆಲ್ಲ ಏನರ ಒಂದು ಇದ್ದ ಇರ್ತೇತಿ.

ನಾನು ಧಾರವಾಡದಾಗ ಒಂದು ಕಾಲೇಜಿನ್ಯಾಗ ಅತಿಥಿ ಉಪನ್ಯಾಸಕ. ಅತಿಥಿ ಅನ್ನೂದು ಹೆಸರಿಗಷ್ಟ, ರಜಾ ಬಂತಂದ್ರ ಪಗಾರ ಇಲ್ಲ, ಕೆಲಸ ಇದ್ದಾಗೂ ಪಗಾರ ಯಾವಾಗ ಬೀಳ್ತೇತಿ ಅಂತ ಗ್ಯಾರಂಟಿ ಇಲ್ಲ. ಜಿಎಸ್‌ಟಿ ಮ್ಯಾಲ ಹತ್ತು ಮಾರ್ಕ್ಸಿನ ನೋಟ್ಸ್ ಬರಸ್ತೇನಿ, ಆದ್ರ ಜಿಎಸ್‌ಟಿ ಕಟ್ಟೂವಷ್ಟು ರೊಕ್ಕ ಯಾವತ್ತೂ ನನ್ನ ಕೈಯಾಗ ಆಡಿಲ್ಲ. ಹಿಂಗಾಗಿ ಮಾವ ಕರದಾಗ ಸ್ವಲ್ಪ ಅಂಜಿಕಿನೂ ಆತು, ನನಗ ತಿಳೀತೇತಿ ಅಂತ ಅವ ತಿಳ್ಕೊಂಡಿದ್ದಷ್ಟು ನನಗ ತಿಳೀತಿರ್ಲಿಲ್ಲ.

ಜುಲೈ 20, 2025, ರವಿವಾರ. ಮುಂಜಾನೆ ಚಿಗರಿ ಹತ್ತಿ ಹುಬ್ಬಳ್ಳಿಗೆ ಬಂದು ಅಲ್ಲಿಂದ ಹಾವೇರಿ ಬಸ್ ಹಿಡದೆ. ಚಿಗರಿ ಎಸಿ ಬಸ್, ಅದರಾಗ ಹೆಣ್ಮಕ್ಕಳೂ ಟಿಕೆಟ್ ತಗೀಬೇಕು, ಹಂಗಾಗಿ ಅಲ್ಲೆ ಎಲ್ಲಾರೂ ಸುಮ್ನ ಮೊಬೈಲ್ ನೋಡ್ಕೋತ ಕುಂತಿರ್ತಾರ. ಹಾವೇರಿ ಬಸ್ಸಿನ ಕತಿನ ಬ್ಯಾರೆ. ಕಂಡಕ್ಟರ್ ಆಧಾರ್ ನೋಡಿ ಸೊನ್ನೆ ಟಿಕೆಟ್ ಹರದು ಹರದು ಕೊಡ್ತಿದ್ದ, ಹಿಂದ ನಿಂತಿದ್ದ ಒಬ್ಬಾತ "ಸೀಟ್ ಇವರಿಗೆ, ರೊಕ್ಕ ನಮ್ಮದು, ಜನವರಿಯಾಗ ನಮಗಷ್ಟ 15 ಪರ್ಸೆಂಟ್ ಏರಿಸ್ಯಾರ" ಅಂತ ಗೊಣಗಾಕ ಹತ್ತಿದ. ಕಿಡಕಿ ಕಡೆ ಕುಂತಿದ್ದ ಹೆಣ್ಮಗಳು ತಿರುಗಿ, "ಯಣ್ಣಾ, ನಾ ತಗಡಿನ ಶೆಡ್ಡಿನ್ಯಾಗ ಮೆಣಸಿನಕಾಯಿ ತುಂಬು ಬಿಡಸಾಕ ಹೊಂಟೇನಿ, ನನ್ನ ಸೀಟು ಬೇಕಾದ್ರ ತಗೋ, ಕೆಲಸಾನೂ ತಗೋ" ಅಂದ್ಲು. ಬಸ್ಸಿಗೆ ಬಸ್ಸ ನಕ್ಕತು. ನಾನೂ ನಕ್ಕೆ, ಯಾಕಂದ್ರ 2023ರ ಜೂನಿನ್ಯಾಗ ಹೆಣ್ಮಕ್ಕಳಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಶುರು ಆದಾಗಿಂದ ನಾನು ಸ್ಟಾಫ್ ರೂಮಿನ್ಯಾಗ ಇದರ ಪರ ಜಗಳಾ ಆಡ್ಕೋತ ಬಂದವ, ಬಿಟ್ಟಿ ಭಾಗ್ಯ ಅನ್ನೂ ಮಾತು ಕೇಳಿದ್ರ ನನಗ ಇವತ್ತೂ ಮೈ ಉರೀತೇತಿ. ಇದನ್ನ ಮೊದಲ ಹೇಳಿ ಬಿಡ್ತೇನಿ, ಮುಂದಿಂದು ಓದಿ ಇವ ಯಾವ ಪಾರ್ಟಿಯಾಂವ ಅಂತ ಯಾರೂ ತಲಿ ಕೆಡಿಸ್ಕೋಬಾರ್ದು.

ಮಾವಂದು ಮಿರ್ಚಿ, ಗಿರ್ಮಿಟ್, ಚಾ ಅಂಗಡಿ. ಹೋಗಿ ನೋಡ್ತೇನಿ, ಗಲ್ಲಾದ ಮುಂದ ಯಾವಾಗ್ಲೂ ಇರೂ ಸ್ಕ್ಯಾನರ್ ಬೋರ್ಡ್ ಗೋಡಿಗೆ ಮುಖಾ ಮಾಡಿ ನಿಂತೇತಿ, ದೊಡ್ಡ ದನಿಲೆ "ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ" ಅನ್ನೂ ಡಬ್ಬಿ ವೈರ್ ಸುತ್ತಿಸಿಕೊಂಡು ಕಡ್ಲಿ ಹಿಟ್ಟಿನ ಚೀಲದ ಮ್ಯಾಲ ಮಲಗೇತಿ. ನೋಟ್‌ಬುಕ್ ಹಾಳಿ ಮ್ಯಾಲ ಸ್ಕೆಚ್ ಪೆನ್ನಿಲೆ ಬರದು ಅಂಟಿಸ್ಯಾನ: "ಫೋನ್‌ಪೇ ಇಲ್ಲ, ಬರೇ ಕ್ಯಾಶ್". ಕಾಲೇಜ್ ಹುಡುಗರು ಬಂದು "ಕಾಕಾ, ಸ್ಕ್ಯಾನರ್ ಎಲ್ಲೆ?" ಅಂದ್ರ "ಕೆಟ್ಟೇತಿ" ಅಂತಿದ್ದ. ಕೆಟ್ಟಿದ್ದು ಸ್ಕ್ಯಾನರ್ ಅಲ್ಲಂತ ಅವರಿಗೂ ಗೊತ್ತಿತ್ತು.

ಆ ವಾರ ಊರ ತುಂಬ ಅದ ಸುದ್ದಿ. ಹಾವೇರಿಯ ತರಕಾರಿ ಮಾರೂ ಒಬ್ಬಾತಗ ನಾಲ್ಕು ವರ್ಷದಾಗ ಯುಪಿಐ ಮ್ಯಾಲ 1.63 ಕೋಟಿ ಬಂದೇತಿ, 29 ಲಕ್ಷ ಕಟ್ಟು ಅಂತ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದಿತ್ತು, ಟಿವಿಯವ್ರು ದಿನಾ ಅದನ್ನ ತೋರಸ್ತಿದ್ರು. ತಾಜಾ ತರಕಾರಿಗೆ ಜಿಎಸ್‌ಟಿನ ಇಲ್ಲ, ಆದ್ರೂ ನೋಟಿಸ್. ಮಾವಗ ನೋಟಿಸ್ ಬಂದಿರ್ಲಿಲ್ಲ. ಆದ್ರ ತರಕಾರಿಯಾಂವಗ ಬಂದೇತಿ ಅಂದ್ರ ಮಿರ್ಚಿಯಾಂವಗ ಬಿಡ್ತಾರೇನು ಅಂತ ಅವನ ಲೆಕ್ಕಾ, ಮೂರು ದಿನದಿಂದ ನಿದ್ದಿ ಇಲ್ಲ ಅಂತ ಅತ್ತಿ ಹೇಳಿದ್ಲು.

ಮಾಲು ಮಾರವ್ರಿಗೆ ವರ್ಷಕ್ಕ 40 ಲಕ್ಷದ ವ್ಯಾಪಾರ, ಸೇವಾ ಅಂದ್ರ 20 ಲಕ್ಷದ್ದು, ಅದನ್ನ ದಾಟಿದ್ರ ಜಿಎಸ್‌ಟಿ ನೋಂದಣಿ ಆಗ್ಬೇಕು. ಚಾ, ಮಿರ್ಚಿ ಅಂಗಡಿ ಸೇವಾದ ಲೆಕ್ಕದಾಗ ಬರ್ತಾವು ಅಂತ ಹೇಳಿದೆ. "ಇದು ಸೇವಾ ಅಂತ ಮೂವತ್ತು ವರ್ಷದಾಗ ಯಾರೂ ನನಗ ಹೇಳಿರ್ಲಿಲ್ಲ ನೋಡು" ಅಂದ ಮಾವ, ಜಾರಿ ಹಿಡ್ಕೊಂಡು ಎಣ್ಣ್ಯಾಗ ಮಿರ್ಚಿ ಹೊಳ್ಳಸ್ಕೋತ. 20 ಲಕ್ಷ ಅಂದ್ರ ದೊಡ್ಡ ನಂಬರ್ ಅನಸ್ತೇತಿ, ದಿನಕ್ಕ ಭಾಗಿಸಿದ್ರ ಐದೂವರಿ ಸಾವಿರಾನೂ ಆಗೂದಿಲ್ಲ. ಬಸ್‌ಸ್ಟ್ಯಾಂಡಿನ ಆಜೂಬಾಜೂ ಇರೂ ಯಾವ ಚಾ ಅಂಗಡಿಗೂ ಅಷ್ಟು ಆಗ್ತೇತಿ.

ಜೂನ್ ತಿಂಗಳ ಸ್ಟೇಟ್‌ಮೆಂಟ್ ಮೊಬೈಲಿನ್ಯಾಗ ಇಳಿಸಿಕೊಂಡು ಒಳಗ ಚಾಪಿ ಹಾಸಿ ಕುಂತೆ. ನೂರಾ ನಲವತ್ತು ಪುಟ. ಹತ್ತು, ಇಪ್ಪತ್ತು, ಇಪ್ಪತ್ತು, ಮೂವತ್ತು, ಹತ್ತು, ಅರವತ್ತು, ನೋಡ್ಕೋತ ಹೋದ್ರ ಕಣ್ಣಿಗೆ ಮಬ್ಬು ಬರ್ತೇತಿ. ಒಟ್ಟು ಜಮಾ 1,84,000. ನಡುನಡುವ ದೊಡ್ಡ ನಂಬರ್ ಬಂದಾಗೆಲ್ಲ ನಾ ಕೂಗೂದು, ಅತ್ತಿ ಒಳಗಿಂದ ಹೇಳೂದು. 20,000 ಏನಿದು? "ಭೀಶಿ ಚೀಟಿ ಎತ್ತಿದ್ದು, ಮಳಿಗಾಲಕ್ಕ ತಗಡು ಹೊಚ್ಚಸ್ಬೇಕಾಗಿತ್ತಲ್ಲ." 8,000? "ಬೆಂಗಳೂರಿಂದ ತಮ್ಮ ಹಾಕಿದ್ದು." ಆಮ್ಯಾಲೆ ದಿನಾ ಸಂಜೀಕ ಇನ್ನೂರು, ಮುನ್ನೂರು, ನೂರಾ ಐವತ್ತು. ಇದು ಮಿರ್ಚಿದಲ್ಲ. ಎದುರಿಗೆ ಹೂ ಮಾರೂ ಆಯಿ ಕಡೆ ಬಟನ್ ಫೋನ್ ಐತಿ, ಆಕಿ ಗಿರಾಕಿಗಳು ಮಾವನ ಸ್ಕ್ಯಾನರಿಗೆ ಹಾಕ್ತಾರ, ರಾತ್ರಿ ಮಾವ ಆಕಿಗೆ ನೋಟಿಲೆ ಕೊಡ್ತಾನ, ತಿಂಗಳಿಗೆ 9,500. ಇನ್ನ 14,500 ಎಲ್ಲಿದಂತ ಕೇಳಿದ್ರ ಅತ್ತಿನ ಹೊರಗ ಬಂದ್ಲು. ಹಳ್ಳಿಯಿಂದ ಜಿಲ್ಲಾ ಆಸ್ಪತ್ರೆಗೆ ಬರೂ ಮಂದಿ, ಕೈಯಾಗ ರೊಕ್ಕ ಇರೂದಿಲ್ಲ, ಊರಾಗಿಂದ ಮಗನೋ ಅಳಿಯನೋ ಮಾವನ ನಂಬರಿಗೆ ಹಾಕ್ತಾರ, ಮಾವ ಕ್ಯಾಶ್ ಕೊಡ್ತಾನ. ಇದಕ್ಕ ಕಮಿಷನ್ ಏನರ ತಗೋತಿಯೇನು ಮಾವಾ ಅಂದೆ. ಒಂದು ನಮೂನಿ ನನ್ನ ನೋಡಿದ, ಕೇಳಬಾರದಾಗಿತ್ತು.

52,000 ಬಿಟ್ಟು 1,32,000 ಉಳೀತು. ಮಾವನ ಮುಖದಾಗ ಸ್ವಲ್ಪ ಜೀವ ಬಂತು, "ಹಂಗಾರ 20 ಲಕ್ಷದ ಒಳಗ ಅದೇನಿ" ಅಂದ. ಇಲ್ಲಿ ನಾ ಸುಮ್ನ ಇರಬಹುದಾಗಿತ್ತು. ಆದ್ರ ಕ್ಲಾಸಿನ್ಯಾಗ ಹೇಳೂದೊಂದು ಮನ್ಯಾಗ ಹೇಳೂದೊಂದು ಹೆಂಗ ಮಾಡೂದು, ಕ್ಯಾಶ್ ವ್ಯಾಪಾರಾನೂ ಕೂಡಿಸ್ಬೇಕಾಗ್ತೇತಿ ಮಾವಾ ಅಂದೆ. ದಿನಕ್ಕ ಒಂದೂವರಿ ಸಾವಿರ ಅಂದ. ತಿಂಗಳಿಗೆ 45,000. ಕೂಡಿಸಿ ಹನ್ನೆರಡರಿಂದ ಗುಣಿಸಿದ್ರ 21 ಲಕ್ಷ 24 ಸಾವಿರ. ದಾಟಿತ್ತು, ಸ್ವಲ್ಪ ದಾಟಿತ್ತು.

"ಹಂಗಂದ್ರ ನಾ ಕಳ್ಳ ಏನು?" ಅಂತ ಕೇಳಿದ. ಸಿಟ್ಟಿಲೆ ಅಲ್ಲ, ಖರೇನ ತಿಳ್ಕೊಳ್ಳಾಕ.

ಅಲ್ಲ ಅಂದೆ. ರಾಜಿ ತೆರಿಗೆ ಅಂತ ಒಂದು ಸ್ಕೀಮ್ ಐತಿ, ಹೋಟೆಲ್‌ನವ್ರಿಗೆ ಒಟ್ಟು ವ್ಯಾಪಾರದ ಮ್ಯಾಲ 5 ಪರ್ಸೆಂಟ್, ಗಿರಾಕಿ ಕಡೆಯಿಂದ ವಸೂಲ್ ಮಾಡಂಗಿಲ್ಲ, ನಾವ ಕಟ್ಟಬೇಕು. ನಿನ್ನ ಲೆಕ್ಕಕ್ಕ ವರ್ಷಕ್ಕ 1,06,200, ತಿಂಗಳಿಗೆ 8,850. ಮಾವ ಎಣ್ಣಿ, ಗ್ಯಾಸ್, ಬಾಡಿಗಿ, ಹುಡುಗನ ಪಗಾರ, ಏಪ್ರಿಲ್‌ನ್ಯಾಗ ಲೀಟರಿಗೆ 4 ರೂಪಾಯಿ ಏರಿದ ಹಾಲು, ಇಷ್ಟೆಲ್ಲ ಕಳದು ಮನಿಗೆ ಒಯ್ಯೂದು ಇಪ್ಪತ್ತೆರಡು, ಭಾಳಂದ್ರ ಇಪ್ಪತ್ತೈದು ಸಾವಿರ. ಅದರಾಗ ಮೂರನೇ ಒಂದು ಪಾಲು ಹೋಗ್ತೇತಿ. ಅತ್ತಿ ಬಾಗಲಕ್ಕ ಆತು ನಿಂತು ಕೇಳಾಕತ್ತಿದ್ಲು. ಬೆರಳು ಮಡಚಿ ಏನೋ ಎಣಿಸಿ ಅಂದ್ಲು: "ನನಗ ತಿಂಗಳಾ 2 ಸಾವಿರ ಕೊಟ್ಟು ಇವ್ರ ಕಡೆ 9 ಸಾವಿರ ಕೇಳ್ತಾರಂತಾತು."

ಅದಕ್ಕಿಂತ ಕೆಟ್ಟ ಸುದ್ದಿ ನನ್ನ ಬಾಯಾಗ ಇತ್ತು. ಗಂಡ ಜಿಎಸ್‌ಟಿ ರಿಟರ್ನ್ ಸಲ್ಲಿಸೂವಂವ ಆದ್ರ ಹೆಂಡ್ತಿಗೆ ಗೃಹಲಕ್ಷ್ಮಿಯ ಆ 2 ಸಾವಿರ ಬರಂಗಿಲ್ಲ. ಹೇಳಿದೆ. ಅತ್ತಿ ಸುಮ್ನ ಒಳಗ ಹೋಗಿ ಉಳ್ಳಾಗಡ್ಡಿ ಹೆಚ್ಚಾಕ ಕುಂತ್ಲು. ಆ 2 ಸಾವಿರ ಆಕಿಗೆ ಬರೇ ರೊಕ್ಕ ಆಗಿರ್ಲಿಲ್ಲ, ಮದುವಿ ಆದಾಗಿಂದ ಗಲ್ಲಾಕ ಕೈ ಹಾಕದ ಹೆಣ್ಮಗಳು ಆಕಿ, ಮೊದಲನೇ ಸಲ ತನ್ನ ಹೆಸರಿನ ಪಾಸ್‌ಬುಕ್ಕಿನ್ಯಾಗ ಎಂಟ್ರಿ ಹಾಕಿಸ್ಕೊಂಡು ಬಂದು ನನಗ ತೋರಿಸಿದ್ಲು 2023ರಾಗ. ಮೂರು ನಾಲ್ಕು ತಿಂಗಳಿಗೊಮ್ಮೆ ಬರ್ತಿದ್ರೂ ಅದು ಬರೂ ದಿನಾ ಆಕಿ ನಡಿಗಿನ ಬ್ಯಾರೆ.

ಮಧ್ಯಾಹ್ನ ಮಳಿ ಹಿಡೀತು, ಅಂಗಡಿ ತುಂಬ ಮಂದಿ, ಮಾತು ರಾಜಕೀಯಕ್ಕ ತಿರುಗ್ತು. ಬೈಕ್ ಮ್ಯಾಲ ಬಂದಿದ್ದ ಹುಡುಗ "ಗ್ಯಾರಂಟಿಗೆ ರೊಕ್ಕ ಎಲ್ಲಿಂದ ತರಬೇಕು, ಹಿಂಗ ನಿಮ್ಮ ಕಿಸೇಕ್ಕ ಕೈ ಹಾಕೂದು" ಅಂದ. ಇನ್ನೊಬ್ಬಾತ "ಜಿಎಸ್‌ಟಿ ತಂದವ್ರು ಯಾರಪಾ, ಡೆಲ್ಲಿಯವ್ರಲ್ಲ?" ಅಂದ. ಆ ವಾರ ಪೇಪರಿನ್ಯಾಗೂ ಇದ ನಡದಿತ್ತು, ನೋಟಿಸ್ ಕೊಟ್ಟಿದ್ದು ರಾಜ್ಯದ ಇಲಾಖೆ, ನಾವಲ್ಲ ಅಂತ ನಮ್ಮ ಧಾರವಾಡದ ಎಂಪಿ, ಕೇಂದ್ರ ಸಚಿವ ಪ್ರಲ್ಹಾದ ಜೋಶಿಯವ್ರು, ಜಿಎಸ್‌ಟಿನ ಕೇಂದ್ರದ್ದು ಅಂತ ಕಾಂಗ್ರೆಸ್ಸಿನವ್ರು. ಇಬ್ಬರದೂ ಅರ್ಧ ಅರ್ಧ ಖರೆ, ಅದ ತ್ರಾಸು.

ನಾನು ಬಾಯಿ ಹಾಕಿದೆ, ಮಾಸ್ತರ ಚಟ. 15ನೇ ಹಣಕಾಸು ಆಯೋಗದಾಗ ಕೇಂದ್ರದ ತೆರಿಗ್ಯಾಗಿನ ಕರ್ನಾಟಕದ ಪಾಲು 4.713ರಿಂದ 3.647 ಪರ್ಸೆಂಟಿಗೆ ಇಳದಿದ್ದು, ಕೇಂದ್ರ ರಾಜ್ಯಗಳಿಗೆ ಕೊಡ್ತಿದ್ದ ಜಿಎಸ್‌ಟಿ ಪರಿಹಾರ 2022ರ ಜೂನಿಗೆ ನಿಂತಿದ್ದು, 2019ರಾಗ ದೊಡ್ಡ ಕಂಪನಿಗಳ ತೆರಿಗಿ 30ರಿಂದ 22ಕ್ಕ ಇಳಿಸಿದ್ದು, 2023ರ ಬರಗಾಲಕ್ಕ ಪರಿಹಾರ ಬಿಡಸ್ಕೊಳ್ಳಾಕ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಬೇಕಾಗಿದ್ದು, ಎಲ್ಲಾ ಹೇಳಿದೆ. ಮಂದಿ ಗೋಣು ಹಾಕಿದ್ರು. ಮಾವ ಜಾರಿ ಕೆಳಗಿಟ್ಟು, "ಅದೆಲ್ಲ ಖರೆ ಐತಿ ಅಳಿಯಾ, ಆದ್ರ ನೋಟಿಸ್ ಮ್ಯಾಲ ಸಿಕ್ಕಾ ಯಾರದು?" ಅಂದ.

ಸಿಕ್ಕಾ ನಾನು ಓಟ್ ಹಾಕಿದವ್ರದು. ಹಣಕಾಸು ಖಾತೆ ಆಗ ಸ್ವತಃ ಮುಖ್ಯಮಂತ್ರಿ ಸಿದ್ದರಾಮಯ್ಯನವ್ರ ಕಡೆನ ಇತ್ತು, ಆ ವರ್ಷದ ಮಾರ್ಚಿನ್ಯಾಗ ಅವರು 16ನೇ ಬಜೆಟ್ ಓದಿದ್ದನ್ನ ನಾನು ಹುಡುಗರಿಗೆ ಹೆಮ್ಮಿಲೆ ಪ್ರೊಜೆಕ್ಟರ್ ಹಾಕಿ ತೋರಿಸಿದ್ದೆ, 4,09,549 ಕೋಟಿ, ಅದರಾಗ ಗ್ಯಾರಂಟಿಗೆ 51,034 ಕೋಟಿ. ಬಡವರ ಕೈಯಾಗ ರೊಕ್ಕ ಆಡಿದ್ರ ಸಂತಿ ನಡೀತೇತಿ ಅಂತ ಹೇಳಿಕೊಟ್ಟಿದ್ದೆ. ನಡದಿತ್ತು ಸಂತಿ, ಮಾವನ ಸ್ಕ್ಯಾನರಿನ್ಯಾಗ ನಡದಿತ್ತು, ನಡದಿದ್ದಕ್ಕ ಸಾಕ್ಷಿ ಆ ನೂರಾ ನಲವತ್ತು ಪುಟ. ಅದ ಪುಟಾ ಹಿಡ್ಕೊಂಡು ಈಗ ಅಂಜ್ಕೋತ ಕುಂತೇವಿ. ಇಲಾಖೆಯವ್ರಿಗೆ ಜಮಾ ಅಷ್ಟ ಕಾಣ್ತೇತಿ, ಹೂವಿನ ಆಯಿ ಕಾಣೂದಿಲ್ಲ, ಆಸ್ಪತ್ರೆ ಮಂದಿ ಕಾಣೂದಿಲ್ಲ. ನೋಟಿಸ್ ಕೊಡೂಕ್ಕಿಂತ ಮೊದಲ ಓಣಿಗೆ ಒಬ್ಬ ಇನ್‌ಸ್ಪೆಕ್ಟರ್ ಬಂದು ಒಂದು ಕಪ್ ಚಾ ಕುಡದು, ನಿಯಮ ಹಿಂಗೈತಿ ನೋಡ್ರಿ ಅಂದಿದ್ರ ಆಗ್ತಿತ್ತು, ಅಷ್ಟು ಮಾಡಾಕ ಯಾರಿಗೂ ಪುರಸೊತ್ತಿಲ್ಲ. ತೆರಿಗಿ ಬ್ಯಾಡ ಅನ್ನೂವಂವ ನಾನಲ್ಲ, ತೆರಿಗಿ ಇಲ್ಲದ ಗೃಹಲಕ್ಷ್ಮಿನೂ ಇಲ್ಲ, ಜಿಲ್ಲಾ ಆಸ್ಪತ್ರೆನೂ ಇಲ್ಲ. ಆದ್ರ ಶುರು ಇಲ್ಲಿಂದ ಯಾಕ ಆಗ್ತೇತಿ ಅನ್ನೂದಕ್ಕ ನನ್ನ ನೋಟ್ಸಿನ್ಯಾಗ ಉತ್ತರ ಇಲ್ಲ.

ಮೂಲ್ಯಾಗ ಬೆಂಚಿನ ಮ್ಯಾಲ ಒಬ್ಬ ಹಿರ್ಯಾರು ಕುಂತಿದ್ರು, ನವಲಗುಂದ ಕಡೆಯವ್ರು, ಮಗಳ ಮನಿಗೆ ಬಂದಿದ್ರಂತ. ಅಷ್ಟೊತ್ತು ಸುಮ್ನಿದ್ದವ್ರು "ನಾಳೆ ತಾರೀಖು ಎಷ್ಟು?" ಅಂದ್ರು. 21. "ನಮ್ಮ ಕಡೆ ನಾಳೆ ರೈತ ಹುತಾತ್ಮರ ದಿನ. 1980. ಮಲಪ್ರಭಾ ಕಾಲುವಿ ನೀರು ಹೊಲಕ್ಕ ಬರೂಕ್ಕಿಂತ ಮೊದಲ ಅಭಿವೃದ್ಧಿ ಕರಾ ಅಂತ ನೋಟಿಸ್ ಬಂದಿದ್ವು. ನರಗುಂದದಾಗ, ನವಲಗುಂದದಾಗ ಗೋಲಿಬಾರ್ ಆತು, ನಾನು ಆವಾಗ ಇವನಷ್ಟಿದ್ದೆ" ಅಂತ ಕಪ್ಪು ತೊಳಿಯೂ ಹುಡುಗನ ಕಡೆ ಕೈ ಮಾಡಿದ್ರು. ಬೈಕಿನ ಹುಡುಗ "ಆಮ್ಯಾಲೆ ಏನಾತ್ರಿ ಅಜ್ಜಾರ?" ಅಂದ. "ಆಮ್ಯಾಲೆ 83ಕ್ಕ ಆಗಿನ ಮುಖ್ಯಮಂತ್ರಿ ಗುಂಡೂರಾಯರು ಮನಿಗೆ ಹೋದ್ರು, ಕಾಂಗ್ರೆಸ್ ಬಿಟ್ಟು ಬ್ಯಾರೆ ಸರ್ಕಾರ ಮೊದಲನೇ ಸಲ ಬಂತು. ನೀರು ಮಾತ್ರ ನಮ್ಮ ಹೊಲಕ್ಕ ಇವತ್ತಿಗೂ ನೆಟ್ಟಗ ಬಂದಿಲ್ಲ" ಅಂತ ಚಾ ಸೊರ್ ಅನಿಸಿದ್ರು.

ಸಂಜೀಕ ಹೊಂಟಾಗ ನಾಲ್ಕು ಮಿರ್ಚಿ, ಎರಡು ಪ್ಲೇಟ್ ಗಿರ್ಮಿಟ್ ಮನಿಗೆ ಕಟ್ಟಿಸ್ಕೊಂಡೆ. ಅತ್ತಿ ರೊಕ್ಕ ಬ್ಯಾಡ ಅಂದ್ಲು, ನಾ ಬಿಡ್ಲಿಲ್ಲ, ಕಿಸೆ ನೋಡಿದ್ರ ಬಸ್ಸಿಗೆ ಆಗೂವಷ್ಟ ಕ್ಯಾಶ್. ಎಟಿಎಂ ಹುಡುಕ್ಕೋತ ಮಳ್ಯಾಗ ಹೋದೆ, ಮೊದಲನೇದ್ರಾಗ ರೊಕ್ಕ ಇಲ್ಲ, ಎರಡನೇದ್ರ ಮುಂದ ದೊಡ್ಡ ಪಾಳಿ. ಊರಿಗೆ ಊರ ಕ್ಯಾಶಿಗೆ ಬಿದ್ದಿತ್ತು.

23ನೇ ತಾರೀಖು ಮುಖ್ಯಮಂತ್ರಿಗಳು ವ್ಯಾಪಾರಿಗಳ ಮೀಟಿಂಗ್ ಕರದು ಹಳೇ ಬಾಕಿ ವಸೂಲ್ ಮಾಡೂದಿಲ್ಲ, ಆದ್ರ ನಿಯಮದ ಪ್ರಕಾರ ನೋಂದಣಿ ಆಗ್ರಿ ಅಂದ್ರು, ವ್ಯಾಪಾರಿಗಳು 25ಕ್ಕ ಕರದಿದ್ದ ಬಂದ್ ವಾಪಸ್ ಆತು. ಮಾವಗ ಫೋನ್ ಹಚ್ಚಿ ಹೇಳಿದೆ, ರಾಜಿ ತೆರಿಗಿದು ಮತ್ತೊಮ್ಮೆ ತಿಳಿಸಿದೆ, ಒಬ್ಬ ಟ್ಯಾಕ್ಸ್ ಪ್ರಾಕ್ಟೀಷನರ್ ಕಡೆ ಹೋಗು ಅಂದೆ. "ನೋಡೂಣ" ಅಂದ. ನೋಡೂಣ ಅಂದ್ರ ಇಲ್ಲ ಅಂತ.

ದಸರಾ ಸೂಟಿಯೊಳಗ ಮತ್ತ ಹಾವೇರಿಗೆ ಹೋಗಿದ್ದೆ. ಸ್ಕ್ಯಾನರ್ ಗಲ್ಲಾದ ಮುಂದ ಬಂದಿತ್ತು, ಡಬ್ಬಿ ಮೊದಲಿನಂಗ ಒದರಾಕ ಹತ್ತಿತ್ತು. ಅಂತೂ ನನ್ನ ಮಾತು ಕೇಳಿದಿ ಮಾವಾ ಅಂತ ಖುಷಿಲೆ ಅರವತ್ತು ರೂಪಾಯಿ ಹಾಕಾಕ ಮೊಬೈಲ್ ತಗದು ಹಿಡದೆ. ಸ್ಕ್ರೀನ್ ಮ್ಯಾಲ ಅತ್ತಿ ಹೆಸರು ಬಂತು.